ಬಟ್ಟೆಗೆ ಅಂಟಿದ ಜಿಡ್ಡು: ಸಿಸ್ಟಿಕ್ ಫೈಬ್ರೋಸಿಸ್ ಇರುವ ಮಕ್ಕಳ ಮಲದಲ್ಲಿ ಏನನ್ನು ನೋಡಬೇಕು

"ಈ ಮಗು ಕಕ್ಕದ ಬಟ್ಟೆ ಒಗೆದ್ರೆ ತುಪ್ಪದ ಪಾತ್ರೆ ತೊಳೆದ ಹಾಗಾಗುತ್ತೆ ಕಣೇ. ಕೈ ಜಿಡ್ಡೇ ಹೋಗಲ್ಲ."

ನಮ್ಮತ್ತೆ ಹಿತ್ತಿಲಿನ ಒಗೆಯೋ ಕಲ್ಲಿನ ಹತ್ತಿರ ಕೂತು ಈ ಮಾತು ಹೇಳಿದಾಗ ನನ್ನ ಮಗನಿಗೆ ನಾಲ್ಕು ತಿಂಗಳು. ಊರು ಮಂಡ್ಯದಿಂದ ಅರ್ಧ ಗಂಟೆ ದೂರ. ಡೈಪರ್ ರಾತ್ರಿಗೆ ಮಾತ್ರ, ಹಗಲೆಲ್ಲ ಮಾವನವರ ಹಳೆ ಪಂಚೆ ಹರಿದು ಮಾಡಿದ ಬಟ್ಟೆ. ಸಾಬೂನು ಎಷ್ಟು ಉಜ್ಜಿದರೂ ಕಲೆಯ ಸುತ್ತ ಒಂದು ಹಳದಿ ಉಂಗುರ ಉಳಿಯುತ್ತಿತ್ತು. ಬಿಸಿಲಿಗೆ ಹಿಡಿದರೆ ಆ ಉಂಗುರದೊಳಗಿನ ಬಟ್ಟೆ ಬೋಂಡ ಸುತ್ತಿದ ಕಾಗದದ ಹಾಗೆ ಪಾರದರ್ಶಕ. ಅತ್ತೆ ಎಣ್ಣೆಸ್ನಾನಕ್ಕೆ ಇಟ್ಟಿದ್ದ ಸೀಗೆಪುಡಿ ತಂದು ಉಜ್ಜತೊಡಗಿದರು. ನಾನು ನಕ್ಕೆ. ಸೀಗೆಪುಡಿ ಎಣ್ಣೆ ತೆಗೆಯುವ ವಸ್ತು ಅನ್ನೋದು ನನಗೂ ಗೊತ್ತಿತ್ತು. ಮಗುವಿನ ಮಲದಲ್ಲಿ ಎಣ್ಣೆ ಏಕಿರಬೇಕು ಅಂತ ಕೇಳಿಕೊಳ್ಳಲಿಲ್ಲ ಅಷ್ಟೇ.

ಮೂರು ತಿಂಗಳಾದ ಮೇಲೆ ಮೈಸೂರಿನಲ್ಲಿ ಒಬ್ಬ ಮಕ್ಕಳ ವೈದ್ಯೆ ಎದುರು ಕೂತಾಗ ಅವರು ಕೇಳಿದ ಮೊದಲ ಪ್ರಶ್ನೆ, "ಎಷ್ಟು ಸಲ ಹೋಗ್ತಾನೆ?" ಅಂತ ಆಗಿರಲಿಲ್ಲ. "ತೊಳೆಯೋಕೆ ಕಷ್ಟ ಆಗುತ್ತಾ?" ಅಂತ. ಆಗ ಅತ್ತೆಯ ಮಾತು ನೆನಪಾಯಿತು. ಬೆವರಿನ ಪರೀಕ್ಷೆ ಆಯಿತು, ಸಿಸ್ಟಿಕ್ ಫೈಬ್ರೋಸಿಸ್ ಅಂತ ಹೆಸರು ಸಿಕ್ಕಿತು, ಮೈಯೊಳಗಿನ ರಸಗಳು ಗಟ್ಟಿಯಾಗಿ ಅಂಟಾಗುವ, ಹುಟ್ಟಿನಿಂದಲೇ ಬರುವ ಕಾಯಿಲೆ. ಅದಕ್ಕೂ ಮುಂಚೆ ಬೇರೆ ಬೇರೆ ಕಡೆ ನಮಗೆ ಸಿಕ್ಕಿದ್ದ ಹೆಸರುಗಳು: ಹಲ್ಲು ಬರೋ ಭೇದಿ, ಹಾಲು ಒಗ್ಗದ್ದು, ಹುಳ, ದೃಷ್ಟಿ. ಎರಡು ಬಾರಿ ಆ್ಯಂಟಿಬಯೋಟಿಕ್, ಒಂದು ಬಾರಿ ಹುಳದ ಔಷಧಿ, ಎರಡು ಕಡೆ ತಾಯತ. ಯಾರನ್ನೂ ದೂರಲಾರೆ. ಭೇದಿ ಅಂದರೆ ಸೋಂಕು ಅಂತಲೇ ನಮ್ಮ ಕಡೆ ಮೊದಲ ಲೆಕ್ಕ, ನೂರಕ್ಕೆ ತೊಂಬತ್ತು ಪಾಲು ಅದು ಸರಿಯೂ ಆಗಿರುತ್ತೆ. ಉಳಿದ ಕೆಲವೇ ಮಕ್ಕಳಿಗಾಗಿ ಈ ಬರಹ.

ಮೊದಲು ಮಾಮೂಲಿನದು

ಮಾಮೂಲು ಮಲ ಹೇಗಿರುತ್ತೆ ಅಂತ ಗೊತ್ತಿಲ್ಲದಿದ್ದರೆ ಎಲ್ಲವೂ ರೋಗದ ಹಾಗೆ ಕಾಣುತ್ತೆ. ಹುಟ್ಟಿದ ಮಗು ಮೊದಲ ಒಂದೆರಡು ದಿನ ಹೋಗುವುದು ಕರಿ ಮಲ. ಡಾಂಬರಿನ ಬಣ್ಣ, ಅಂಟು, ವಾಸನೆಯಿಲ್ಲ. ಎದೆಹಾಲು ಚೆನ್ನಾಗಿ ಇಳಿದ ಮೇಲೆ ಅದು ಹಸಿರಾಗಿ, ಆಮೇಲೆ ಸಾಸಿವೆ ಅರೆದ ಹಾಗೆ ಹಳದಿಯಾಗುತ್ತೆ, ನಡುವೆ ಬಿಳಿ ಕಾಳು ಕಾಳು. ಎದೆಹಾಲು ಕುಡಿಯುವ ಮಗು ಪ್ರತಿ ಸಲ ಕುಡಿದಾಗಲೂ ಹೋಗಬಹುದು. ಒಂದೂವರೆ ತಿಂಗಳು ದಾಟಿದ ಮೇಲೆ ನಾಲ್ಕೈದು ದಿನಕ್ಕೊಮ್ಮೆಯೂ ಹೋಗಬಹುದು. ಮೈ ತುಂಬಿಕೊಂಡು ನಗುತ್ತಿದ್ದರೆ ಎರಡೂ ಸರಿಯೇ. ಡಬ್ಬಿ ಹಾಲಿನ ಮಗುವಿನದು ತುಸು ಗಟ್ಟಿ, ಕಂದು ಛಾಯೆ. ಒಂದು ದಿನ ಹಸಿರಾದರೆ ಗಾಬರಿ ಬೇಡ. ಆರು ತಿಂಗಳಿಗೆ ರಾಗಿ ಸರಿ ಶುರು ಮಾಡಿದ ವಾರ ಬಣ್ಣ ಕಡುಕಂದಾಗುವುದು ನಮ್ಮ ಕಡೆಯ ಎಲ್ಲ ತಾಯಂದಿರಿಗೂ ಗೊತ್ತು. ಕಬ್ಬಿಣದ ಹನಿ ಕೊಟ್ಟರೆ ಕಪ್ಪು, ಬೀಟ್‌ರೂಟ್ ತಿಂದರೆ ಕೆಂಪು.

ಬಣ್ಣದ ವಿಷಯದಲ್ಲಿ ಸುಮ್ಮನೆ ಕೂರಬಾರದ್ದು ಒಂದಿದೆ. ಸುಣ್ಣ ಅಥವಾ ಜೇಡಿಮಣ್ಣಿನಂತೆ ಬಿಳಿಚಿದ ಮಲ, ಅದರ ಜೊತೆಗೆ ಎರಡು ವಾರ ಕಳೆದರೂ ಇಳಿಯದ ಕಾಮಾಲೆ. ಪಿತ್ತರಸ ಕರುಳಿಗೆ ಬರುತ್ತಿಲ್ಲ ಅನ್ನೋದರ ಗುರುತು ಅದು. ಸಿಸ್ಟಿಕ್ ಫೈಬ್ರೋಸಿಸ್‌ನಲ್ಲೂ ಕೆಲವೊಮ್ಮೆ ಹೀಗಾಗುತ್ತೆ, ಆದರೆ ಪಿತ್ತನಾಳವೇ ಮುಚ್ಚಿಹೋಗುವ ಬೇರೊಂದು ಕಾಯಿಲೆಯೂ ಇದೆ, ಅದಕ್ಕೆ ಆಪರೇಷನ್ ಬೇಗ ಆಗಬೇಕು. ಅವತ್ತೇ ಆಸ್ಪತ್ರೆಗೆ ಹೋಗಿ.

ಜೋನಿ ಬೆಲ್ಲದ ಕಥೆ

ಮಂಡ್ಯದವರಿಗೆ ಈ ಕಾಯಿಲೆ ವಿವರಿಸೋದು ಸುಲಭ, ಏಕೆಂದರೆ ಆಲೆಮನೆ ನೋಡದವರು ಕಡಿಮೆ. ಗಾಣದಿಂದ ಇಳಿಯುವ ಕಬ್ಬಿನ ಹಾಲು ನೀರಿನ ಹಾಗೆ ಸಲೀಸಾಗಿ ಹರಿಯುತ್ತೆ. ಕೊಪ್ಪರಿಗೆಯಲ್ಲಿ ನೀರಿನಂಶ ಆರಿದಂತೆಲ್ಲ ಅದೇ ಹಾಲು ಜೋನಿ ಬೆಲ್ಲವಾಗಿ, ಸೌಟಿಗೆ ಅಂಟಿ, ಹರಿಯಲಾರದೆ ನಿಲ್ಲುತ್ತೆ. ಸೇರಿಸಿದ್ದು ಏನೂ ಇಲ್ಲ, ನೀರು ಹೋಯಿತು, ಅಷ್ಟೇ.

ಮೈಯೊಳಗಿನ ರಸಗಳಿಗೆ ಆ ನೀರನ್ನು ಒದಗಿಸುವ ಒಂದು ಬಾಗಿಲಿದೆ. ಜೀವಕೋಶದ ಗೋಡೆಯಲ್ಲಿ ಕೂತು ಉಪ್ಪಿನ ಕ್ಲೋರೈಡ್ ಅಂಶವನ್ನೂ ಬೈಕಾರ್ಬೊನೇಟನ್ನೂ ದಾಟಿಸುವ ಪ್ರೋಟೀನ್ ಅದು. ಉಪ್ಪು ಎಲ್ಲಿಗೆ ಹೋಗುತ್ತೋ ನೀರು ಅಲ್ಲಿಗೆ ಹಿಂಬಾಲಿಸುತ್ತೆ. ಈ ಪ್ರೋಟೀನನ್ನು ಮಾಡಿಸುವ ಜೀನ್ ಏಳನೇ ಕ್ರೋಮೋಸೋಮಿನಲ್ಲಿದೆ ಅಂತ 1989ರಲ್ಲಿ ಪತ್ತೆಯಾಯಿತು. ಹೆಸರು ಸಿಎಫ್‌ಟಿಆರ್. ಮೈಸೂರಿನವರಿಗೆ ಇದನ್ನು ಕೇಳಿದರೆ ಊರಿನ ಆಹಾರ ಸಂಶೋಧನಾಲಯ ಸಿಎಫ್‌ಟಿಆರ್‌ಐ ನೆನಪಾಗಿ, ಕೊನೆಯಲ್ಲಿ ಒಂದು 'ಐ' ಬಿಟ್ಟುಹೋಗಿದೆ ಅನ್ನಿಸುತ್ತೆ. ವೈದ್ಯೆ ಈ ಹೆಸರು ಹೇಳಿದಾಗ ನನ್ನ ಗಂಡ, "ಅದು ಚೆಲುವಾಂಬ ಮ್ಯಾನ್ಷನ್ನಿನ ಹತ್ರ ಅಲ್ವಾ ಮೇಡಂ?" ಅಂದಿದ್ದರು. ಆ ದಿನ ಆ ಕೋಣೆಯಲ್ಲಿ ಯಾರಾದರೂ ನಕ್ಕಿದ್ದು ಅದೊಂದೇ ಸಲ. 1950ರಲ್ಲಿ ಶುರುವಾದ ನಮ್ಮ ಆಹಾರ ಸಂಶೋಧನಾಲಯಕ್ಕೂ ಈ ಜೀನಿಗೂ ಯಾವ ನಂಟೂ ಇಲ್ಲ.

ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಹೀಗೆ ಎರಡೂ ಪ್ರತಿ ಕೆಟ್ಟಿದ್ದಾಗ ಮಾತ್ರ ಮಗುವಿಗೆ ಕಾಯಿಲೆ. ಆಗ ಬಾಗಿಲು ತೆರೆಯೋಲ್ಲ, ನೀರು ಬರೋಲ್ಲ, ರಸಗಳು ಜೋನಿ ಬೆಲ್ಲವಾಗುತ್ತವೆ. ಶ್ವಾಸಕೋಶದಲ್ಲಿ ಕಫ ಗಟ್ಟಿಯಾಗಿ ಕೆಮ್ಮು, ಮತ್ತೆ ಮತ್ತೆ ಸೋಂಕು. ಅದೇ ಈ ಕಾಯಿಲೆಯ ದೊಡ್ಡ ಮುಖ, ಅದನ್ನು ಇಲ್ಲಿ ಬಿಡುತ್ತೇನೆ. ಮಲದ ಕಥೆ ಮೇದೋಜೀರಕ ಗ್ರಂಥಿಯದು.

ಜಠರದ ಹಿಂದೆ ಅಡ್ಡಡ್ಡವಾಗಿ ಮಲಗಿರುವ ಈ ಗ್ರಂಥಿ, ಊಟ ಇಳಿದಾಗಲೆಲ್ಲ ಕರುಳಿಗೆ ರಸ ಬಿಡುತ್ತೆ. ಕೊಬ್ಬನ್ನು ಒಡೆಯುವ ಲೈಪೇಸ್, ಬೇಳೆಕಾಳು ಹಾಲು ಮೊಟ್ಟೆಯ ಪ್ರೋಟೀನನ್ನು ಒಡೆಯುವ ಎಂಜೈಮ್‌ಗಳು, ಅನ್ನ ಮುದ್ದೆಯ ಪಿಷ್ಟವನ್ನು ಒಡೆಯುವ ಅಮೈಲೇಸ್, ಎಲ್ಲ ಅದರಲ್ಲಿವೆ. ರಸ ಗಟ್ಟಿಯಾದರೆ ಸಣ್ಣ ಸಣ್ಣ ನಾಳಗಳು ಕಟ್ಟಿಕೊಳ್ಳುತ್ತವೆ. ವಿಶ್ವೇಶ್ವರಯ್ಯ ನಾಲೆಯ ತೂಬಿನಲ್ಲಿ ಹೂಳು ತುಂಬಿದರೆ ಕೆಆರ್‌ಎಸ್ ತುಂಬಿದ್ದೂ ಕೊನೆಯ ಗದ್ದೆ ಒಣಗುವ ಹಾಗೆ. ಕಟ್ಟಿಕೊಂಡ ಎಂಜೈಮ್ ಗ್ರಂಥಿಯನ್ನೇ ತಿನ್ನತೊಡಗಿ, ಅಲ್ಲಿ ಗಾಯದ ನಾರು ಬೆಳೆಯುತ್ತೆ. ಈ ಕಾಯಿಲೆಯ ನೂರು ಜನರಲ್ಲಿ ಸುಮಾರು 85ರಿಂದ 90 ಜನಕ್ಕೆ ಗ್ರಂಥಿ ಹೀಗೆ ಕೈಕೊಡುತ್ತೆ, ಬಹಳಷ್ಟು ಮಕ್ಕಳಿಗೆ ಮೊದಲ ವರ್ಷದಲ್ಲೇ.

ಕಾಯಿಲೆಗೆ ಹೆಸರು ಬಂದದ್ದೂ ಇಲ್ಲಿಂದಲೇ. 1938ರಲ್ಲಿ ನ್ಯೂಯಾರ್ಕಿನ ವೈದ್ಯೆ ಡೊರೊಥಿ ಆ್ಯಂಡರ್ಸನ್, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ ಅಂತ ಬರೆದುಕೊಂಡಿದ್ದ ಮಕ್ಕಳ ಶವಪರೀಕ್ಷೆಗಳನ್ನು ನೋಡುತ್ತಾ, ಕೆಲವರ ಮೇದೋಜೀರಕ ಗ್ರಂಥಿ ನಾರುಗಟ್ಟಿ (ಫೈಬ್ರೋಸಿಸ್), ಅದರೊಳಗೆ ನೀರುಗುಳ್ಳೆಗಳಾಗಿದ್ದನ್ನು (ಸಿಸ್ಟ್) ಗುರುತಿಸಿದರು. ಜಿಡ್ಡು ಭೇದಿಯ ಮಕ್ಕಳನ್ನು ಬೇರೆ ಕಾಯಿಲೆಯ ಲೆಕ್ಕಕ್ಕೆ ಸೇರಿಸುವುದು ಮಂಡ್ಯದಲ್ಲೇ ಶುರುವಾದದ್ದಲ್ಲ ಅಂತ ಓದಿದಾಗ ನನಗೆ ಸ್ವಲ್ಪ ಸಮಾಧಾನವಾಗಿತ್ತು.

ಜಿಡ್ಡು ಮಲ ಹೇಗಿರುತ್ತೆ

ಒಡೆಯದ ಕೊಬ್ಬು ರಕ್ತಕ್ಕೆ ಸೇರೋಲ್ಲ, ನೇರ ಕೆಳಗಿಳಿಯುತ್ತೆ. ಹಾಗಾಗಿ ಮಲ ತಿಂದದ್ದಕ್ಕೆ ಹೋಲಿಸಿದರೆ ತುಂಬಾ ಜಾಸ್ತಿ, ಬಣ್ಣ ಮಾಸಲು, ಕಡಲೆಹಿಟ್ಟು ಕಲಸಿದ ಹಾಗೆ ಮೆತ್ತಗೆ. ಮೇಲೆ ಹೊಳಪು. ಕೆಲವೊಮ್ಮೆ ಎಣ್ಣೆಯ ಹನಿಯೇ ಬೇರೆಯಾಗಿ ಕಾಣುತ್ತೆ, ಡೈಪರಿನಲ್ಲಾದರೆ ಕಿತ್ತಳೆ ಬಣ್ಣದ ಅಂಚು. ವಾಸನೆ ಬಗ್ಗೆ ಏನು ಹೇಳಲಿ. ಮಗುವಿನ ಕಕ್ಕಕ್ಕೆ ವಾಸನೆ ಇದ್ದೇ ಇರುತ್ತೆ ಅನ್ನುತ್ತಾರೆ, ನಿಜ, ಆದರೆ ಇದು ಪಕ್ಕದ ಕೋಣೆಯಲ್ಲಿ ಕೂತವರು ಎದ್ದು ಬರುವಂಥದ್ದು. ಅರ್ಧ ಒಡೆದ ಕೊಬ್ಬು, ಪ್ರೋಟೀನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕಾಗ ಬರುವ ವಾಸನೆ ಅದು. ಹೊಟ್ಟೆ ಉಬ್ಬರ, ಗಾಳಿ, ನುಲಿತ ಎಲ್ಲ ಅದರ ಜೊತೆಗೇ.

ನೀರಿನ ಮೇಲೆ ತೇಲಿದರೆ ಜಿಡ್ಡು ಅಂತ ಎಲ್ಲರೂ ಹೇಳುತ್ತಾರೆ. ಅದನ್ನು ಪೂರ್ತಿ ನಂಬಬೇಡಿ. ಗಾಳಿ ತುಂಬಿದ ಮಲವೂ ತೇಲುತ್ತೆ. ಹೆಚ್ಚು ನಂಬಿಕೆಗೆ ಅರ್ಹವಾದದ್ದು ಅಂಟು. ಬಟ್ಟೆಯಿಂದ ಹೋಗುತ್ತಾ? ಕಕ್ಕಸಿನ ಬೇಸಿನ್ನಿನಿಂದ ಎಷ್ಟು ಮಗ್ಗು ನೀರಿಗೆ ಇಳಿಯುತ್ತೆ? ಬ್ರಷ್ ಬೇಕಾಗುತ್ತಾ? ತೊಳೆಯುವವರಿಗೆ ಇದರ ಉತ್ತರ ಗೊತ್ತಿರುತ್ತೆ, ಮನೆಯಲ್ಲಿ ಯಾರೂ ಅವರನ್ನು ಕೇಳಿರುವುದಿಲ್ಲ. ಆಸ್ಪತ್ರೆಗೆ ಮಗುವನ್ನು ಎತ್ತಿಕೊಂಡು ಹೋಗುವವರು ಗಂಡ ಹೆಂಡತಿ, ಬಟ್ಟೆ ಒಗೆಯುವ ಅಜ್ಜಿ ಮನೆಯಲ್ಲಿ. ನನಗೆ ಈಗಲೂ ಇದು ಸಿಟ್ಟು ತರಿಸುತ್ತೆ, ಮುಖ್ಯವಾಗಿ ನನ್ನ ಮೇಲೆ.

ಇದರ ಜೊತೆ ಕೂಡಿಸಿ ನೋಡಬೇಕಾದ್ದು ತೂಕ. ನನ್ನ ಮಗ ಹಾಲಿಗೆ ಬಾಯಿ ಹಾಕಿದರೆ ಬಿಡುತ್ತಿರಲಿಲ್ಲ, ಅಷ್ಟು ಹಸಿವು. ಸಾಮಾನ್ಯವಾಗಿ ಐದು ತಿಂಗಳ ಹೊತ್ತಿಗೆ ಹುಟ್ಟುತೂಕ ಎರಡರಷ್ಟಾಗುತ್ತೆ, ವರ್ಷಕ್ಕೆ ಮೂರರಷ್ಟು. ತಾಯಿ ಕಾರ್ಡಿನ ಹಿಂದಿರುವ ಬೆಳವಣಿಗೆಯ ಗೆರೆಯಲ್ಲಿ ಇವನ ಚುಕ್ಕೆಗಳು ನಾಲ್ಕನೇ ತಿಂಗಳಿಂದ ಅಡ್ಡ ಮಲಗಿದ್ದವು. ಅಂಗನವಾಡಿಯ ಕಾರ್ಯಕರ್ತೆ ಎರಡು ಸಲ ತೂಕ ಹಾಕಿ, "ತಕ್ಕಡಿ ಸರಿಯಿಲ್ವೇನೋ" ಅಂತ ಮೂರನೇ ಸಲವೂ ಹಾಕಿದ್ದರು. ಬಕಾಸುರನ ಹಸಿವು, ಜಿಡ್ಡು ಮಲ, ಏರದ ತೂಕ: ಮೂರೂ ಒಟ್ಟಿಗೆ ಇದ್ದರೆ ಭೇದಿ ಔಷಧಿ ಬರೆಸಿಕೊಂಡು ವಾಪಸ್ ಬರಬೇಡಿ.

ಹಾಗಂತ ಜಿಡ್ಡು ಮಲವೆಲ್ಲ ಸಿಸ್ಟಿಕ್ ಫೈಬ್ರೋಸಿಸ್ ಅಲ್ಲ. ಕೆಟ್ಟ ನೀರಿನಿಂದ ಬರುವ ಜಿಯಾರ್ಡಿಯಾ ಅನ್ನೋ ಪರೋಪಜೀವಿಯೂ ಹೀಗೇ ಮಾಡುತ್ತೆ, ಸೀಲಿಯಾಕ್ ಕಾಯಿಲೆಯೂ ಮಾಡುತ್ತೆ. ಮಲದ ಪರೀಕ್ಷೆಯಲ್ಲಿ ಕೊಬ್ಬಿನ ಹನಿಗಳನ್ನು ನೋಡಬಹುದು. ಅದಕ್ಕಿಂತ ಖಚಿತವಾದದ್ದು ಇಲಾಸ್ಟೇಸ್ ಅನ್ನೋ ಎಂಜೈಮಿನ ಅಳತೆ. ಒಂದು ಗ್ರಾಂ ಮಲದಲ್ಲಿ 200 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಗ್ರಂಥಿ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ಅನುಮಾನ. ನೀರುನೀರಾದ ಭೇದಿಯ ದಿನ ಮಾದರಿ ಕೊಡಬೇಡಿ, ತೆಳುವಾಗಿ ಸುಳ್ಳು ಲೆಕ್ಕ ಬರುತ್ತೆ.

ರೋಗವನ್ನು ಖಾತ್ರಿ ಮಾಡುವುದು ಬೆವರು. ಬೆವರಿನ ಗ್ರಂಥಿಯಲ್ಲಿ ಇದೇ ಬಾಗಿಲು ಉಲ್ಟಾ ಕೆಲಸ ಮಾಡುತ್ತೆ: ಹೊರಗೆ ಹೋಗುತ್ತಿರುವ ಉಪ್ಪನ್ನು ಒಳಕ್ಕೆ ಎಳೆದುಕೊಳ್ಳುತ್ತೆ. ಅದು ಕೆಟ್ಟರೆ ಬೆವರು ಸಮುದ್ರದ ನೀರಿನ ಹಾಗೆ. ಇವನ ಹಣೆಗೆ ಮುತ್ತಿಟ್ಟರೆ ತುಟಿ ಉಪ್ಪಾಗುತ್ತಿತ್ತು, ಮಾವಿನಕಾಯಿ ಕಾಲದಲ್ಲಿ ಹುಬ್ಬಿನ ಮೇಲೆ ಬಿಳಿ ಪುಡಿ. 1948ರಲ್ಲಿ ನ್ಯೂಯಾರ್ಕಿನಲ್ಲಿ ಬಿಸಿಗಾಳಿ ಬೀಸಿದಾಗ ಈ ಕಾಯಿಲೆಯ ಮಕ್ಕಳೇ ಹೆಚ್ಚಾಗಿ ಬಳಲಿ ಬಿದ್ದದ್ದನ್ನು ನೋಡಿ, ಪಾಲ್ ಡಿ ಸಾಂಟ್ ಆಗ್ನೀಸ್ ಅನ್ನೋ ವೈದ್ಯರು ಬೆವರಿನ ಉಪ್ಪನ್ನು ಹಿಡಿದರು. ಈಗಿನ ಪರೀಕ್ಷೆಯಲ್ಲಿ ಮುಂದೋಳಿಗೆ ಒಂದು ಔಷಧಿ ಹಚ್ಚಿ, ನವಿರಾದ ಕರೆಂಟ್ ಹರಿಸಿ ಬೆವರು ಬರಿಸುತ್ತಾರೆ. ಸೂಜಿ ಇಲ್ಲ. ಕ್ಲೋರೈಡ್ ಲೀಟರಿಗೆ 60 ಮಿಲಿಮೋಲ್ ಅಥವಾ ಹೆಚ್ಚಿದ್ದರೆ ಕಾಯಿಲೆ ಇದೆ ಅಂತ, 30ಕ್ಕಿಂತ ಕಡಿಮೆಯಿದ್ದರೆ ಇರುವ ಸಂಭವ ತೀರಾ ಕಡಿಮೆ, ನಡುವೆ ಬಂದರೆ ಜೀನ್ ಪರೀಕ್ಷೆ ಮತ್ತಿತರ ಹುಡುಕಾಟ. ಎಲ್ಲ ಊರಿನಲ್ಲೂ ಈ ಪರೀಕ್ಷೆ ಇಲ್ಲ. ವೆಲ್ಲೂರಿನ ಸಿಎಂಸಿ, ದೆಹಲಿಯ ಏಮ್ಸ್ ಈ ಮಕ್ಕಳನ್ನು ಬಹಳ ವರ್ಷಗಳಿಂದ ನೋಡುತ್ತಿರುವ ಜಾಗಗಳು. ನಿಮ್ಮ ಮಕ್ಕಳ ವೈದ್ಯರಿಗೆ ಹತ್ತಿರದ ದಾರಿ ಗೊತ್ತಿರುತ್ತೆ.

ವಯಸ್ಸಿನ ಜೊತೆ ಬದಲಾಗುವ ತೊಂದರೆ

ಕೆಲವು ಮಕ್ಕಳಲ್ಲಿ ಸುದ್ದಿ ಮೊದಲ ದಿನವೇ ಬರುತ್ತೆ. ಕರಿ ಮಲ ಸಣ್ಣ ಕರುಳಿನ ಕೊನೆಯಲ್ಲಿ ಬೂದು ಬಣ್ಣದ ಅಂಟಾಗಿ ಕಚ್ಚಿಕೊಂಡು, ಹೊಟ್ಟೆ ಉಬ್ಬಿ, ಹಸಿರು ವಾಂತಿಯಾಗುತ್ತೆ. ಮೆಕೋನಿಯಂ ಇಲಿಯಸ್ ಅಂತ ಹೆಸರು. ಈ ಕಾಯಿಲೆಯೊಂದಿಗೆ ಹುಟ್ಟುವ ನೂರರಲ್ಲಿ 10ರಿಂದ 20 ಮಕ್ಕಳಿಗೆ ಹೀಗಾಗುತ್ತೆ. ಹುಟ್ಟಿ 48 ಗಂಟೆಯಾದರೂ ಕರಿ ಮಲ ಹೋಗದಿದ್ದರೆ ಬಾಣಂತಿ ಕೋಣೆಯಲ್ಲಿ ಹರಳೆಣ್ಣೆ ನೆಕ್ಕಿಸುತ್ತಾ ಕಾಯಬಾರದು.

ಪುಟ್ಟ ಮಕ್ಕಳು ತಿಣುಕಿದಾಗ ಗುದದ ಒಳಪದರ ಟೊಮ್ಯಾಟೊ ಹಣ್ಣಿನ ಹಾಗೆ ಕೆಂಪಗೆ ಹೊರಬರುವುದುಂಟು. ನೋಡಿದವರ ಎದೆ ಧಸಕ್ ಅನ್ನುತ್ತೆ. ಬಹಳ ಸಲ ಅದು ತಾನಾಗಿಯೇ ಒಳಗೆ ಹೋಗುತ್ತೆ. ಹೋಗದಿದ್ದರೆ ಒದ್ದೆ ಮೆತ್ತನೆ ಬಟ್ಟೆಯಿಂದ ಮುಚ್ಚಿ ಆಸ್ಪತ್ರೆಗೆ ಓಡಬೇಕು. ಮಲಬದ್ಧತೆ, ಹಳೆ ಭೇದಿ, ಅಪೌಷ್ಟಿಕತೆಯಿಂದಲೂ ಹೀಗಾಗುತ್ತೆ. ಮತ್ತೆ ಮತ್ತೆ ಆದರೆ ಬೆವರಿನ ಪರೀಕ್ಷೆ ಮಾಡಿಸಿ ಅಂತ ಕೇಳುವುದರಲ್ಲಿ ತಪ್ಪಿಲ್ಲ.

ದೊಡ್ಡ ಮಕ್ಕಳಲ್ಲಿ ಎಲ್ಲರೂ ಮರೆಯುವುದು ಮಲ ಕಟ್ಟುವುದನ್ನು. ಸಿಸ್ಟಿಕ್ ಫೈಬ್ರೋಸಿಸ್ ಅಂದರೆ ಭೇದಿ ಅಂತ ತಲೆಯಲ್ಲಿ ಕೂತಿರುತ್ತೆ, ಕರುಳಿನ ಲೋಳೆಯೂ ಅಂಟಾಗಿದೆ ಅನ್ನೋದು ಮರೆತುಹೋಗುತ್ತೆ. ಸುಮ್ಮನೆ ಮಲಬದ್ಧತೆಯೂ ಆಗಬಹುದು, ದಿನ ಕಳೆದಂತೆ ಹೆಚ್ಚುವಂಥದ್ದು. ಇನ್ನೊಂದು, ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಜಾಗದಲ್ಲಿ, ಹೊಕ್ಕುಳಿನ ಬಲಕ್ಕೆ ಕೆಳಗೆ, ಗಟ್ಟಿ ಗಡ್ಡೆ ಕಟ್ಟಿ ದಾರಿಯನ್ನೇ ಮುಚ್ಚುವುದು. ಬಲಬದಿಯ ನೋವು, ಕೈಗೆ ಸಿಗುವ ಗಂಟು, ಉಬ್ಬರ, ಹಸಿರು ವಾಂತಿ. ವೈದ್ಯರು ಅದನ್ನು ಡಯೋಸ್ ಅನ್ನುತ್ತಾರೆ. ರಾತ್ರಿ ಎಷ್ಟು ಹೊತ್ತಾಗಿದ್ದರೂ ಹೊರಡುವ ತೊಂದರೆ ಇದು. ಬೇಸಿಗೆಯಲ್ಲಿ ನೀರು ಕಡಿಮೆಯಾದಾಗ, ಎಂಜೈಮ್ ತಪ್ಪಿಸಿದಾಗ ಇದರ ಭಯ ಹೆಚ್ಚು. ಕಟ್ಟಿದ ಮಲದ ಪಕ್ಕದಿಂದ ತೆಳು ಮಲ ಸೋರಬಹುದು, ಆಗ ಭೇದಿ ಅಂದುಕೊಂಡು ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟರೆ ಕೆಲಸ ಕೆಟ್ಟಿತು.

ಗಸಗಸೆಯಷ್ಟು ಗುಂಡುಗಳು

ಕೆಟ್ಟ ಗ್ರಂಥಿಯ ಎಂಜೈಮನ್ನು ಹೊರಗಿನಿಂದ ಕೊಡಬಹುದು ಅನ್ನೋದು ಈ ಕಾಯಿಲೆಯ ದೊಡ್ಡ ಪುಣ್ಯ. ಕ್ಯಾಪ್ಸೂಲ್ ಬಿಚ್ಚಿದರೆ ಒಳಗೆ ಗಸಗಸೆಗಿಂತ ತುಸು ದಪ್ಪನೆಯ ಗುಂಡುಗಳು. ಪ್ರತಿ ಗುಂಡಿಗೂ ಒಂದು ಕವಚ, ಜಠರದ ಆಮ್ಲದಲ್ಲಿ ಕರಗದೆ ಕರುಳಿನಲ್ಲಿ ಕರಗುವಂಥದ್ದು. ಇಡೀ ಉಪಾಯ ಆ ಕವಚದಲ್ಲಿದೆ. ಹಾಗಾಗಿ ಗುಂಡನ್ನು ಅರೆಯಬಾರದು, ಅಗಿಯಬಾರದು. ಹಾಲಿನ ಬಾಟಲಿಗೆ, ಬಿಸಿ ರಾಗಿ ಸರಿಗೆ ಹಾಕಬಾರದು, ಕವಚ ಅಲ್ಲೇ ಬಿಚ್ಚಿಕೊಳ್ಳುತ್ತೆ. ನನಗೆ ಕಲಿಸಿದ್ದು ಬೇಯಿಸಿ ಅರೆದು ಆರಿಸಿದ ಸೇಬು, ಅದರ ಹುಳಿಯಲ್ಲಿ ಕವಚ ಉಳಿಯುತ್ತೆ. ಚಮಚದ ತುದಿಗೆ ಒಂದಿಷ್ಟು ಸೇಬು, ಮೇಲೆ ಎಣಿಸಿದಷ್ಟು ಗುಂಡು, ತಕ್ಷಣ ಬಾಯಿಗೆ, ಹಿಂದೆಯೇ ಎದೆಹಾಲು. ಹೌದು, ಎದೆಹಾಲಿಗೂ ಎಂಜೈಮ್ ಬೇಕು. ಕುಡಿದಾದ ಮೇಲೆ ಕಿರುಬೆರಳನ್ನು ತೊಳೆದುಕೊಂಡು ಒಸಡಿನ ಸುತ್ತ ಒಂದು ಸುತ್ತು ಆಡಿಸುತ್ತಿದ್ದೆ. ಒಂದು ಗುಂಡು ಕೆನ್ನೆಯಲ್ಲಿ ಉಳಿದರೂ ಬಾಯಿ ಹುಣ್ಣಾಗುತ್ತೆ, ಏಕೆಂದರೆ ಪ್ರೋಟೀನ್ ಕರಗಿಸುವುದು ಅದರ ಕೆಲಸ, ಅದಕ್ಕೆ ಕೆನ್ನೆಯೂ ಒಂದೇ ಬೇಳೆಯೂ ಒಂದೇ. ಇದೇ ಕಾರಣಕ್ಕೆ ಕೂರುವ ಜಾಗವೂ ಕೆಂಪಾಗಬಹುದು. ಸತುವಿನ ಮುಲಾಮು ಹಚ್ಚಿ.

ಈ ಎಂಜೈಮ್ ಬರುವುದು ಹಂದಿಯ ಮೇದೋಜೀರಕ ಗ್ರಂಥಿಯಿಂದ. ಇದನ್ನು ಮನೆಯಲ್ಲಿ ಮೊದಲೇ ಹೇಳಿಬಿಡಿ. ಮುಚ್ಚಿಟ್ಟು, ಆಮೇಲೆ ಯಾರೋ ಡಬ್ಬಿಯ ಮೇಲೆ ಓದಿ, ಔಷಧಿಯೇ ನಿಂತುಹೋಗುವುದಕ್ಕಿಂತ ಅದು ಲೇಸು. ನಮ್ಮತ್ತೆ ಶನಿವಾರ ಮೊಟ್ಟೆಯನ್ನೂ ಮುಟ್ಟದವರು. ಒಂದು ದಿನ ಪೂರ್ತಿ ಮಾತಾಡಲಿಲ್ಲ. ಮಾರನೆಯ ದಿನ ಸೇಬು ಬೇಯಿಸಿ ಅರೆದಿಟ್ಟಿದ್ದರು.

ಎಂಜೈಮ್ ಶುರುವಾದ ವಾರದಲ್ಲೇ ಬಟ್ಟೆಯ ಉಂಗುರ ಮಾಯವಾಯಿತು. ಆಮೇಲೆ ಮಲವೇ ನಮಗೆ ಮಾಪನ. ಮತ್ತೆ ಮಾಸಲಾಗಿ, ಜಿಡ್ಡಾಗಿ, ಗಾಳಿ ತುಂಬಿ ಬಂದರೆ ಎಂಜೈಮ್ ಸಾಲುತ್ತಿಲ್ಲ ಅನ್ನೋ ಅನುಮಾನ. ಆದರೆ ಡೋಸ್ ಏರಿಸುವ ಮುಂಚೆ ನಾನು ನನ್ನನ್ನೇ ವಿಚಾರಿಸಿಕೊಳ್ಳುತ್ತೇನೆ. ಊಟಕ್ಕೆ ಮೊದಲು ಕೊಟ್ಟೆನಾ, ಮುಗಿದ ಮೇಲಾ? ಒಂದು ಗಂಟೆ ಎಳೆದಾಡಿದ ಊಟಕ್ಕೆ ಒಂದೇ ಸಲ ಕೊಟ್ಟೆನಾ? ಕ್ಯಾಪ್ಸೂಲ್ ಡಬ್ಬಿ ಅಡುಗೆಮನೆಯ ಒಲೆ ಪಕ್ಕ ಇತ್ತಾ, ಕಾರಿನಲ್ಲಿ ಬೆಂದಿತಾ? ರೈಲಿನಲ್ಲಿ ಹೋಗುವಾಗ ಮದ್ದೂರಿನಲ್ಲಿ ತಾತ ಸುಮ್ಮನೆ ಕೊಡಿಸಿದ ವಡೆ ಲೆಕ್ಕಕ್ಕೆ ಬಂತಾ? ಎಣ್ಣೆ, ತುಪ್ಪ, ಹಾಲು, ಬೇಳೆ ಇರುವ ಎಲ್ಲಕ್ಕೂ ಎಂಜೈಮ್ ಬೇಕು, ಬರೀ ಹಣ್ಣಿಗೆ, ಎಳನೀರಿಗೆ ಬೇಡ. ಇದೆಲ್ಲ ಸರಿಯಿದ್ದೂ ಜಿಡ್ಡಿದ್ದರೆ ವೈದ್ಯರಿಗೆ ಫೋನು. ಕೆಲವರಿಗೆ ಜಠರದ ಆಮ್ಲ ತಗ್ಗಿಸುವ ಔಷಧಿ ಸೇರಿಸಬೇಕಾಗುತ್ತೆ, ಬೈಕಾರ್ಬೊನೇಟ್ ಕಡಿಮೆಯಾಗಿ ಕರುಳಿನಲ್ಲಿ ಕವಚ ಬಿಚ್ಚದೇ ಇರುವುದರಿಂದ.

ಡೋಸನ್ನು ನಾವೇ ಏರಿಸಬಾರದು ಅನ್ನುವುದಕ್ಕೆ ಕಾರಣವಿದೆ. 1994ರಲ್ಲಿ ಇಂಗ್ಲೆಂಡಿನಲ್ಲಿ, ತುಂಬಾ ಶಕ್ತಿಯ ಎಂಜೈಮ್ ತೆಗೆದುಕೊಳ್ಳುತ್ತಿದ್ದ ಮಕ್ಕಳ ದೊಡ್ಡ ಕರುಳು ಗಡುಸಾಗಿ ಕಿರಿದಾದದ್ದು ವರದಿಯಾಯಿತು. ಅಲ್ಲಿಂದ ಮಿತಿ ಹಾಕಿದ್ದಾರೆ: ಮಗುವಿನ ಒಂದು ಕಿಲೋ ತೂಕಕ್ಕೆ ಒಂದು ಊಟಕ್ಕೆ 2,500 ಲೈಪೇಸ್ ಯೂನಿಟ್, ದಿನಕ್ಕೆ 10,000 ದಾಟಬಾರದು. ಇನ್ನೊಂದು ತಪ್ಪು ನಂಬಿಕೆ, ಮಲ ಗಟ್ಟಿಯಾಯಿತು ಅಂದರೆ ಎಂಜೈಮ್ ಜಾಸ್ತಿಯಾಯಿತು ಅಂತ. ನಾನೂ ಒಮ್ಮೆ ಹಾಗೆ ನಂಬಿ ಎರಡು ದಿನ ಕಡಿಮೆ ಮಾಡಿದ್ದೆ. ಹೊಟ್ಟೆನೋವು ಹೆಚ್ಚಾಯಿತೇ ಹೊರತು ಮಲ ಸಡಿಲವಾಗಲಿಲ್ಲ.

ತುಪ್ಪ ನಿಲ್ಲಿಸಬೇಡಿ

ಜಿಡ್ಡು ಹೋಗುತ್ತಿದೆ ಅಂದರೆ ಜಿಡ್ಡು ಕೊಡುವುದನ್ನೇ ನಿಲ್ಲಿಸೋಣ ಅಂತ ಯಾರಿಗಾದರೂ ಅನ್ನಿಸುತ್ತೆ. ಹಿಂದೆ ವೈದ್ಯರೂ ಹಾಗೇ ಹೇಳುತ್ತಿದ್ದರು. ಕೆನಡಾದ ಟೊರೊಂಟೊದಲ್ಲಿ ಮಾತ್ರ ಕೊಬ್ಬು ಧಾರಾಳವಾಗಿ ಕೊಟ್ಟು ಅದಕ್ಕೆ ತಕ್ಕ ಎಂಜೈಮ್ ಕೊಡುತ್ತಿದ್ದರು. 1988ರಲ್ಲಿ ಅಲ್ಲಿನವರನ್ನು ಅಮೆರಿಕದ ಬಾಸ್ಟನ್ನಿನವರ ಜೊತೆ ಹೋಲಿಸಿದಾಗ ಟೊರೊಂಟೊದವರು ಎತ್ತರ ಬೆಳೆದಿದ್ದರು, ಬದುಕಿದ್ದೂ ಹೆಚ್ಚು: ಮಧ್ಯಾಂಕ ಆಯಸ್ಸು (ಅರ್ಧದಷ್ಟು ಜನ ದಾಟುವ ವಯಸ್ಸು) ಸುಮಾರು 30 ವರ್ಷ, ಬಾಸ್ಟನ್ನಿನಲ್ಲಿ 21. ಅಲ್ಲಿಂದ ಎಲ್ಲ ಕಡೆ ಪದ್ಧತಿ ಬದಲಾಯಿತು. ಈ ಮಕ್ಕಳಿಗೆ ಬೆಣ್ಣೆ, ತುಪ್ಪ, ಕಡಲೆಕಾಯಿ, ಕೊಬ್ಬರಿ ಎಲ್ಲ ಬೇಕು. ಮುದ್ದೆಗೆ ಉಪ್ಪಿನ ಜೊತೆ ಬೆಣ್ಣೆ ಮುಳುಗಿಸಿ ಕೊಡಲು ಅಜ್ಜಿಗೆ ವೈದ್ಯರೇ ಹೇಳುವ ಕಾಯಿಲೆ ಇನ್ನೊಂದಿಲ್ಲ.

ಕೊಬ್ಬಿನ ಜೊತೆ ಸೋರಿಹೋಗುವ ಎ, ಡಿ, ಇ, ಕೆ ವಿಟಮಿನ್‌ಗಳನ್ನು ಬೇರೆ ಕೊಡಬೇಕು. ಕೆ ಕಡಿಮೆಯಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ, ಡಿ ಕಡಿಮೆಯಾದರೆ ಮೂಳೆ ಮೆತ್ತಗಾಗುತ್ತೆ.

ಉಪ್ಪಿನದು ನಮ್ಮ ಹವೆಯಲ್ಲಿ ದೊಡ್ಡ ವಿಷಯ. ವರ್ಷ ತುಂಬುವವರೆಗೆ ಉಪ್ಪು ಬೇಡ ಅನ್ನುವ ಮಾತು ಈ ಮಕ್ಕಳಿಗೆ ಅನ್ವಯಿಸದು, ಎದೆಹಾಲಿನ ಮಗುವಿಗೂ ವೈದ್ಯರು ಅಳತೆ ಹೇಳಿ ಉಪ್ಪು ಕೊಡಿಸುತ್ತಾರೆ. ಏಪ್ರಿಲ್ ಬಿಸಿಲಿನಲ್ಲಿ ಭೇದಿ ವಾಂತಿ ಹೆಚ್ಚೇನೂ ಇಲ್ಲದೆ ಮಗು ಸೋತು, ಹಾಲು ಬಿಟ್ಟು, ತೂಕಡಿಸಿದರೆ ಮೈಯ ಉಪ್ಪು ಖಾಲಿಯಾಗಿರಬಹುದು. ಮದ್ದೂರಿನ ಎಳನೀರಿನ ಮೇಲೆ ನಮಗೆಲ್ಲ ಭಾರೀ ನಂಬಿಕೆ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಓಆರ್‌ಎಸ್ ಜಾಗದಲ್ಲಿ ಅದು ನಿಲ್ಲದು.

2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಮೂರು ಔಷಧಿಗಳ ಕೂಟ ಬಾಗಿಲಿನ ದೋಷವನ್ನೇ ಸರಿಪಡಿಸುವಂಥದ್ದು, ಕೆಲವು ಜೀನ್ ದೋಷಗಳಿಗೆ ಮಾತ್ರ. ಬೆಲೆ ನಮ್ಮಂಥವರ ಕೈಗೆ ಎಟುಕುವುದಲ್ಲ. ಅದಕ್ಕಾಗಿ ಕಾಯುತ್ತಾ ಎಂಜೈಮ್, ಉಪ್ಪು, ತುಪ್ಪವನ್ನು ಸಡಿಲ ಬಿಡುವಂತಿಲ್ಲ.

ನಮ್ಮತ್ತೆ ನನಗೆ ಸೋದರತ್ತೆಯೂ ಹೌದು, ಅಂದರೆ ನನ್ನ ಗಂಡ ಅತ್ತೆ ಮಗ. ಅಕ್ಕನ ಮಗಳನ್ನು, ಅತ್ತೆ ಮಗಳನ್ನು ತಂದುಕೊಳ್ಳುವುದು ನಮ್ಮ ಜಿಲ್ಲೆಯಲ್ಲಿ ಮಾಮೂಲು. ಒಂದೇ ಅಜ್ಜಿಯಿಂದ ಕೆಟ್ಟ ಜೀನ್ ಇಬ್ಬರಿಗೂ ಇಳಿದಿರುವ ಸಾಧ್ಯತೆ ಅಲ್ಲಿ ಹೆಚ್ಚು. ಸಂಬಂಧವೇ ಇಲ್ಲದ ಗಂಡ ಹೆಂಡತಿಗೂ ಈ ಮಗು ಹುಟ್ಟಬಹುದು, ಅದು ಬೇರೆ ಮಾತು. ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ, ಒಂದು ಮಗುವಿಗೆ ಬಂತು ಅಂತ ಮುಂದಿನದಕ್ಕೆ ರಿಯಾಯಿತಿ ಇಲ್ಲ. ಎರಡನೇ ಮಗುವಿಗೆ ಮುಂಚೆ ಜೀನ್ ವರದಿ ಕೈಯಲ್ಲಿದ್ದರೆ ಬಸಿರಿನಲ್ಲೇ ಪರೀಕ್ಷೆ ಮಾಡಿಸಬಹುದು. ಅತ್ತೆ ಇದನ್ನು ಕೇಳಿ, "ನಮ್ಮಮ್ಮನ ಮನೇಲಿ ಎರಡು ಮಕ್ಕಳು ಬಡಕಲಾಗಿ ಹೋದ್ವು, ಬಾಲಗ್ರಹ ಅಂದಿದ್ರು" ಅಂದರು. ಅದೇನಾಗಿತ್ತೋ ಈಗ ಹೇಳುವವರಿಲ್ಲ.

ಮಗನಿಗೆ ಈಗ ಒಂಬತ್ತು. ಶಾಲೆಯ ಟೀಚರಿಗೆ ಎರಡೇ ವಿಷಯ ಹೇಳಿದ್ದೇನೆ: ಊಟಕ್ಕೆ ಮೊದಲು ಕ್ಯಾಪ್ಸೂಲ್, ಕಕ್ಕಸಿಗೆ ಅಂದಾಗ ತಕ್ಷಣ ಬಿಡಬೇಕು. ವಾಸನೆ ಅಂತ ಹುಡುಗರು ಒಮ್ಮೆ ನಕ್ಕಿದ್ದರಿಂದ ಅವನು ಒಂದು ವಾರ ಮಧ್ಯಾಹ್ನ ಊಟ ಮಾಡದೆ ಡಬ್ಬಿ ವಾಪಸ್ ತಂದಿದ್ದ. ಈಗ ಬಾಗಿಲು ಹಾಕಿಕೊಳ್ಳುವ ವಯಸ್ಸು, ನಾನು ಒಳಗೆ ಹೋಗಿ ನೋಡುವಂತಿಲ್ಲ. ಹೊರಗೆ ನಿಂತು ಕೇಳುತ್ತೇನೆ, ನೀರಿನ ಸದ್ದು ನಿಂತ ಮೇಲೆ ಉತ್ತರ ಬರುತ್ತೆ.

"ಒಂದೇ ಮಗ್ಗು ಕಣಮ್ಮ."